ಗೆದ್ದ ಊರಿನಲ್ಲಿ ಮರುದಿನ ಕಚೇರಿ ತೆಗೆಯುವವರು ಯಾರು?

ಪ್ರಶ್ನೆ: ನಾವು ಮೂಲತಃ ಧಾರವಾಡದ ಕಡೆಯವರು, ಮೂರು ತಲೆಮಾರಿನಿಂದ ವಾಸ್ಕೋದಲ್ಲಿದ್ದೇವೆ. ನಮ್ಮ ಅಜ್ಜ 1962ರಲ್ಲಿ ಮೈಸೂರು ಸರ್ಕಾರದ ಕಂದಾಯ ಇಲಾಖೆಯಿಂದ ಡೆಪ್ಯುಟೇಷನ್ ಮೇಲೆ ಗೋವಾಕ್ಕೆ ಬಂದವರು. "ನಾವು ಬಂದಾಗ ಇಲ್ಲಿ ಆಡಳಿತ ಅನ್ನೋದೇ ಇರಲಿಲ್ಲ, ಎಲ್ಲಾ ನಾವೇ ಕಟ್ಟಿದ್ದು" ಎನ್ನುತ್ತಿದ್ದರು. ಪಕ್ಕದ ಮನೆಯ ಗೋವಾದ ಹಿರಿಯರು ಮಾತ್ರ "ಎಲ್ಲಾ ಇತ್ತು, ನಿಮ್ಮವರು ಬಂದು ಕುರ್ಚಿ ಮೇಲೆ ಕೂತರು ಅಷ್ಟೇ" ಅನ್ನುತ್ತಾರೆ. ಯುದ್ಧದಲ್ಲಿ ಹಿಡಿದ ಜಾಗದಲ್ಲಿ ನಾಗರಿಕ ಆಡಳಿತ ಶುರುವಾಗುವುದು ಹೇಗೆ? ಅದಕ್ಕೆ ನಿಯಮಗಳಿವೆಯೇ? ಗೋವಾವನ್ನು ಕಾನೂನಿನ ಪ್ರಕಾರ 'ಆಕ್ರಮಿತ ಪ್ರದೇಶ' ಎನ್ನಬಹುದೇ?

ಉತ್ತರ: ನಿಮ್ಮ ಅಜ್ಜನವರಿಗೂ ನೆರೆಯವರಿಗೂ ನಡುವೆ ಪಂಚಾಯ್ತಿ ಮಾಡು ಎಂದರೆ ನಾನು ಮುಕ್ಕಾಲು ಪಾಲು ನೆರೆಯವರ ಕಡೆ. ಉಳಿದ ಕಾಲು ಪಾಲು ಅಜ್ಜನವರದ್ದು. ಅವರು ಬಂದದ್ದು ಕಂದಾಯ ಇಲಾಖೆಗಾದ್ದರಿಂದ ಆ ಕಾಲು ಪಾಲು ಸಣ್ಣದೇನಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಯಮ. ಇದೆ, ಹಳೆಯದೇ ಇದೆ. ಯುದ್ಧದ ಬಗೆಗಿನ ಅಂತರರಾಷ್ಟ್ರೀಯ ಕಾನೂನಾದ 1907ರ ಹೇಗ್ ನಿಯಮಾವಳಿಯ 43ನೇ ವಿಧಿ ಗೆದ್ದ ಸೇನೆಗೆ ಹೇಳುವುದು ಎರಡು ಮಾತು: ಊರಿನಲ್ಲಿ ಶಾಂತಿ, ಸುವ್ಯವಸ್ಥೆ ಮರಳಿ ತರಬೇಕು, ತೀರಾ ಸಾಧ್ಯವಿಲ್ಲದ ಹೊರತು ಅಲ್ಲಿ ಜಾರಿಯಲ್ಲಿರುವ ಕಾನೂನನ್ನೇ ಪಾಲಿಸಬೇಕು. ಜನರಿಂದ ಗೆದ್ದವರಿಗೆ ನಿಷ್ಠೆಯ ಪ್ರಮಾಣ ಮಾಡಿಸುವಂತಿಲ್ಲ. ಖಾಸಗಿ ಆಸ್ತಿ ಜಪ್ತಿ ಮಾಡುವಂತಿಲ್ಲ. ತೆರಿಗೆ ವಸೂಲಿ ಮಾಡಬಹುದು, ಆದರೆ ಆದಷ್ಟೂ ಹಳೆಯ ದರ, ಹಳೆಯ ಪದ್ಧತಿಯಲ್ಲೇ. ಬಂದ ಹಣದಿಂದ ಆ ಪ್ರದೇಶದ ಆಡಳಿತದ ಖರ್ಚು ನಡೆಸಬೇಕು. ಸರ್ಕಾರಿ ಕಟ್ಟಡ, ಕಾಡು, ತೋಟಗಳ ಮೇಲೆ ಗೆದ್ದವನಿಗಿರುವುದು ಗೇಣಿದಾರನ ಹಕ್ಕು ಮಾತ್ರ: ಕಾಯಿ ಕೀಳಬಹುದು, ಮರ ಕಡಿಯುವಂತಿಲ್ಲ.

ಎರಡನೇ ಮಹಾಯುದ್ಧದ ಅನುಭವದ ಮೇಲೆ 1949ರ ನಾಲ್ಕನೇ ಜಿನೀವಾ ಒಪ್ಪಂದ ಇನ್ನೊಂದಷ್ಟು ಸೇರಿಸಿತು. ಜನರಿಗೆ ಅನ್ನ, ಔಷಧಿ ಸಿಗುವಂತೆ ನೋಡಿಕೊಳ್ಳುವುದು ಗೆದ್ದವರ ಹೊಣೆ. ತಮ್ಮ ದೇಶದ ಜನರನ್ನು ತಂದು ಅಲ್ಲಿ ನೆಲೆಗೊಳಿಸುವಂತಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 54ನೇ ವಿಧಿ. ಅಧಿಕಾರಿಗಳ, ನ್ಯಾಯಾಧೀಶರ ಸ್ಥಾನಮಾನ ಬದಲಿಸಬಾರದು. ಯಾರಾದರೂ ಮನಸ್ಸಾಕ್ಷಿ ಒಪ್ಪದೆ ಕೆಲಸಕ್ಕೆ ಬಾರದಿದ್ದರೆ ಅದಕ್ಕಾಗಿ ಅವರನ್ನು ಶಿಕ್ಷಿಸಬಾರದು. ಹುದ್ದೆಯಿಂದ ತೆಗೆಯುವ ಅಧಿಕಾರ ಮಾತ್ರ ಇದೆ.

ಈ ನಿಯಮಗಳ ಹಿಂದಿರುವುದು ಬರೀ ದಯೆ ಎಂದುಕೊಳ್ಳಬೇಡಿ. ನೀರು ಬಿಡುವವನು, ಜನನ-ಮರಣ ಬರೆಯುವವನು, ಖಜಾನೆಯ ಕೀಲಿ ಇಟ್ಟುಕೊಂಡವನು ನಾಳೆಯೂ ಕೆಲಸಕ್ಕೆ ಬರದಿದ್ದರೆ ಯಾವ ಸೇನೆಯೂ ಒಂದು ಜಿಲ್ಲೆಯನ್ನು ವಾರಗಟ್ಟಲೆ ನಡೆಸಲಾರದು. ಆಡಳಿತವನ್ನು 'ಕಟ್ಟುವುದು' ಎಂದು ಪತ್ರಿಕೆಗಳು ಬರೆಯುತ್ತವೆ. ನಡೆಯುವುದು ಮಾತ್ರ, ಹಳೆಯ ಕಾರಕೂನನನ್ನು ಅವನ ಕುರ್ಚಿಗೆ ಮರಳಿ ಕೂರಿಸಿ, ಅವನ ಪಗಾರ ತಪ್ಪದಂತೆ ನೋಡಿಕೊಂಡು, ಅವನ ಮೇಲೆ ಒಬ್ಬ ಹೊಸ ಮೇಲಧಿಕಾರಿಯನ್ನು ಇಡುವುದು.

ಅದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ 2003ರ ಇರಾಕ್ ಇದೆ. ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಮೇ ತಿಂಗಳಲ್ಲಿ ಹೊರಡಿಸಿದ ಮೊದಲ ಆದೇಶವೇ ಸದ್ದಾಂ ಹುಸೇನನ ಬಾಥ್ ಪಕ್ಷದ ಮೇಲ್ದರ್ಜೆಯವರನ್ನು ಸರ್ಕಾರಿ ಕೆಲಸದಿಂದ ಹೊರಹಾಕಿತು. ಎರಡನೆಯದು ಇಡೀ ಸೇನೆಯನ್ನೇ ವಿಸರ್ಜಿಸಿತು. ಕಚೇರಿ ನಡೆಸಲು ಬರುತ್ತಿದ್ದವರೂ ಬಂದೂಕು ಹಿಡಿಯಲು ಬರುತ್ತಿದ್ದವರೂ ಒಂದೇ ತಿಂಗಳಲ್ಲಿ ಬೀದಿಗೆ ಬಿದ್ದರು. ಮುಂದಿನದು ನಿಮಗೆ ಗೊತ್ತೇ ಇದೆ.

ಅದೇ ಇರಾಕಿನಲ್ಲಿ ತೊಂಬತ್ತು ವರ್ಷ ಮೊದಲು ನಮ್ಮವರೇ ಇದ್ದರು. 1914ರ ನವೆಂಬರಿನಲ್ಲಿ ಬ್ರಿಟಿಷ್ ಭಾರತದ ಸೇನೆ ಬಸ್ರಾ ಹಿಡಿದಾಗ ತುರ್ಕಿ ಅಧಿಕಾರಿಗಳು ಊರು ಬಿಟ್ಟು ಹೋಗಿದ್ದರು. ಕುರ್ಚಿಗೆ ಮರಳಿ ಕೂರಿಸಲು ಯಾರೂ ಇರಲಿಲ್ಲ. ಹಾಗಾಗಿ 1915ರಲ್ಲಿ ಭಾರತದ ಕಾಯ್ದೆಗಳನ್ನೇ ಆಧಾರವಾಗಿಟ್ಟ ಒಂದು ಸಂಹಿತೆ ಅಲ್ಲಿ ಜಾರಿಯಾಯಿತು. ಭಾರತದ ರೂಪಾಯಿಯೂ ಹೋಯಿತು. 1932ರಲ್ಲಿ ದಿನಾರ್ ಬರುವವರೆಗೂ ಅಲ್ಲಿ ಚಲಾವಣೆಯಲ್ಲಿತ್ತು. 1917ರಲ್ಲಿ ಬಾಗ್ದಾದ್ ಕೈಗೆ ಬಂದಾಗ ಅದೇ ಬ್ರಿಟಿಷರು ತುರ್ಕಿಯ ಕಾನೂನನ್ನೇ ಉಳಿಸಿಕೊಂಡರು. ಎರಡು ಊರು, ಒಂದೇ ಸೇನೆ, ಎರಡು ಬಗೆ. 43ನೇ ವಿಧಿಯ 'ತೀರಾ ಸಾಧ್ಯವಿಲ್ಲದ ಹೊರತು' ಎಂಬ ಷರತ್ತಿಗೆ ಬಸ್ರಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಈಗ ಗೋವಾ. 1961ರ ಡಿಸೆಂಬರ್ 17-18ರ ನಡುರಾತ್ರಿ ಶುರುವಾದ ಭಾರತದ ಸೇನಾ ಕಾರ್ಯಾಚರಣೆ 19ರ ಸಂಜೆ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವ ಶರಣಾಗುವುದರೊಂದಿಗೆ ಮುಗಿಯಿತು. ಕೊನೆಯ ಉಸಿರಿನವರೆಗೆ ಕಾದಾಡಿ ಎಂದು ಲಿಸ್ಬನ್‌ನಿಂದ ಪೋರ್ಚುಗಲ್ ಪ್ರಧಾನಿ ಸಲಾಜಾರ್ ಹೇಳಿದ್ದರು, ಆತ ಕೇಳಲಿಲ್ಲ. ಆತ ಹಾಗೆ ಮಾಡಿದ್ದರಿಂದಲೇ ಪಣಜಿಯ ದಫ್ತರಗಳು ಸುಡದೆ ಉಳಿದವು ಎಂದು ನನ್ನ ಅಭಿಪ್ರಾಯ. ಆದರೂ ಹಿಮ್ಮೆಟ್ಟುವಾಗ ಪೋರ್ಚುಗೀಸರು ಬಾಣಸ್ತರಿ, ಬೋರಿ ಮೊದಲಾದ ಸೇತುವೆಗಳನ್ನು ಸ್ಫೋಟಿಸಿದ್ದರು. ಹೊಸ ಆಡಳಿತದ ಮುಂದಿದ್ದ ಮೊದಲ ಕೆಲಸ ಸಂವಿಧಾನವಲ್ಲ, ಹೊಳೆ ದಾಟುವುದು.

17ನೇ ಪದಾತಿ ಡಿವಿಜನ್ನಿನ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಸೇನಾ ಗವರ್ನರ್ ಆದರು. 1962ರ ಜೂನ್‌ನಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿ ಟಿ. ಶಿವಶಂಕರ್ ಬರುವವರೆಗೆ, ಅಂದರೆ ಸುಮಾರು ಆರು ತಿಂಗಳು, ಅವರದೇ ಆಡಳಿತ. ಆ ಆರು ತಿಂಗಳಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಬೇಗ ಬದಲಾದದ್ದು ಅಂಚೆ. ಡಿಸೆಂಬರ್ 29ಕ್ಕೇ ಭಾರತದ ಅಂಚೆಚೀಟಿಗಳು ಬಂದವು. ಹಳೆಯವನ್ನು ಜನವರಿ 5ರವರೆಗೆ ಒಪ್ಪಿಕೊಂಡರು. ಶರಣಾಗತಿಯಾಗಿ ಹತ್ತೇ ದಿನ! ದೆಹಲಿಗೆ ಅವಸರ ಎಲ್ಲಿತ್ತು ಎಂದು ಇದರಿಂದಲೇ ಗೊತ್ತಾಗುತ್ತದೆ. ಲಕೋಟೆಯ ಮೇಲಿನ ಚೀಟಿ ದೇಶದೇಶಕ್ಕೆ ಹೋಗುತ್ತದೆ, ಇದು ಯಾರ ನೆಲ ಎಂದು ಹೇಳುತ್ತದೆ.

ದುಡ್ಡಿನ ಲೆಕ್ಕ ಅಷ್ಟು ಸಲೀಸಲ್ಲ. ಗೆದ್ದ ಜಾಗದಲ್ಲಿ ನಾಣ್ಯ ಬದಲಿಸುವಾಗ ಒಂದು ದರ ತಪ್ಪಿದರೆ ಸಂತೆಯೇ ಮುಳುಗುತ್ತದೆ. 1943ರಲ್ಲಿ ಸಿಸಿಲಿಗೆ ಇಳಿದ ಮಿತ್ರಪಡೆಗಳು ತಮ್ಮದೇ ಸೇನಾ ಲೀರಾ ನೋಟು ತಂದು ಡಾಲರಿಗೆ ನೂರು ಲೀರಾ ಎಂದು ಗೊತ್ತುಮಾಡಿದವು. ಸೈನಿಕನ ಜೇಬು ತುಂಬಿತು, ಊರಿನವರ ಬುಟ್ಟಿ ಖಾಲಿಯಾಯಿತು. ಗೋವಾಕ್ಕೆ ಇಲ್ಲೊಂದು ಅದೃಷ್ಟವಿತ್ತು. 1959ರವರೆಗೆ ಇಲ್ಲಿದ್ದದ್ದು 'ರೂಪಿಯಾ', ಬೆಲೆಯಲ್ಲಿ ನಮ್ಮ ರೂಪಾಯಿಗೆ ಸಮ. ಆ ವರ್ಷ ಪೋರ್ಚುಗೀಸರು ಒಂದು ರೂಪಿಯಾಕ್ಕೆ ಆರು ಎಸ್ಕುಡೊ (ಪೋರ್ಚುಗಲ್ಲಿನ ನಾಣ್ಯದ ಹೆಸರು) ಎಂದು ಬದಲಿಸಿದ್ದರು. ಹಾಗಾಗಿ ಮಾಪ್ಸಾದ ಸಂತೆಯಲ್ಲಿ ಮೀನು ಮಾರುವವಳಿಗೂ ರೂಪಾಯಿ ಲೆಕ್ಕ ಬಾಯಿಪಾಠವಾಗಿತ್ತು. ನಡುವಿನ ಎರಡು-ಮೂರು ವರ್ಷವನ್ನು ಮರೆತರಾಯಿತು.

ಬ್ಯಾಂಕಿನ ಕಥೆ ಬೇರೆ. ನೋಟು ಹೊರಡಿಸುತ್ತಿದ್ದ ಬಾಂಕೊ ನಾಸಿಯೊನಾಲ್ ಉಲ್ತ್ರಮಾರಿನೊದಲ್ಲಿ ಜನ ಚಿನ್ನ ಒತ್ತೆಯಿಟ್ಟಿದ್ದರು. ಬಳೆ, ಸರ, ಮಂಗಳಸೂತ್ರ. ಯುದ್ಧಕ್ಕೆ ಮುಂಚೆಯೇ ಆ ಒಡವೆಗಳನ್ನು ಹಡಗು ಹತ್ತಿಸಿ ಲಿಸ್ಬನ್‌ಗೆ ಸಾಗಿಸಿದ್ದರು. ಹೇಗ್ ನಿಯಮಗಳು ಗೆದ್ದವನ ಕೈ ಕಟ್ಟುತ್ತವೆ: ಸರ್ಕಾರದ ನಗದು ಮುಟ್ಟಬಹುದು, ಜನರ ಒಡವೆ ಮುಟ್ಟುವಂತಿಲ್ಲ. ಆದರೆ ಸೋಲುವವನು ಹೊರಡುವ ಮೊದಲು ಜನರ ಒಡವೆ ಹೊತ್ತೊಯ್ದರೆ? ಅದಕ್ಕೆ ಅಲ್ಲಿ ನೇರ ಉತ್ತರವಿಲ್ಲ. ಆ ಚಿನ್ನ ಗೋವಾಕ್ಕೆ ಮರಳಿದ್ದು 1991ರಲ್ಲಿ. ಒತ್ತೆಯಿಟ್ಟವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು, ಚೀಟಿ ಹಿಡಿದು ಬಂದವರು ಮಕ್ಕಳು, ಮೊಮ್ಮಕ್ಕಳು.

ಇನ್ನು ಬದಲಾಗದೆ ಉಳಿದದ್ದು. ಇಲ್ಲಿಯೇ ನಿಮ್ಮ ನೆರೆಯವರ ಮಾತು ಗಟ್ಟಿಯಾಗುವುದು. 1962ರ ಮಾರ್ಚ್‌ನಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಆಮೇಲೆ ಸಂಸತ್ತಿನ ಕಾಯ್ದೆಯಾಗಿ ಬಂದ ಗೋವಾ, ದಮನ್ ಮತ್ತು ದಿಯು ಆಡಳಿತ ಕಾಯ್ದೆ ಬಹಳ ಚಿಕ್ಕದು. ಅದರ 5ನೇ ಕಲಮಿನ ಸಾರ ಇಷ್ಟೇ: ಇಲ್ಲಿ ಈವರೆಗೆ ಜಾರಿಯಲ್ಲಿದ್ದ ಕಾನೂನುಗಳೆಲ್ಲ, ಅಧಿಕಾರವುಳ್ಳ ಶಾಸನಸಭೆ ತಿದ್ದುವವರೆಗೆ ಅಥವಾ ರದ್ದು ಮಾಡುವವರೆಗೆ, ಹಾಗೆಯೇ ಮುಂದುವರಿಯುತ್ತವೆ. ನ್ಯಾಯಾಧೀಶರು, ಮ್ಯಾಜಿಸ್ಟ್ರೇಟರು, ಇತರ ಅಧಿಕಾರಿಗಳೂ ಬೇರೆ ಏರ್ಪಾಡಾಗುವವರೆಗೆ ತಮ್ಮ ಕೆಲಸ ಮುಂದುವರಿಸಬೇಕೆಂದೂ ಅದೇ ಕಾಯ್ದೆ ಹೇಳಿತು. 43 ಮತ್ತು 54ನೇ ವಿಧಿಗಳ ಪಕ್ಕಕ್ಕೆ ಇದನ್ನಿಟ್ಟು ಓದಿ. 'ಇದು ಆಕ್ರಮಿತ ಪ್ರದೇಶವಲ್ಲ' ಎಂದು ಜಗತ್ತಿಗೆ ಹೇಳುತ್ತಿದ್ದ ದೆಹಲಿ, ನೆಲದ ಮೇಲೆ ಆಕ್ರಮಿತ ಪ್ರದೇಶದ ನಿಯಮಪುಸ್ತಕವನ್ನು ಹೆಚ್ಚು ಕಡಿಮೆ ಪಾಲಿಸಿತು. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಮೇಲ್ಮನವಿ ಕೇಳುತ್ತಿದ್ದ ಪೋರ್ಚುಗೀಸ್ ಉಚ್ಚ ನ್ಯಾಯಾಲಯ 'ತ್ರಿಬುನಾಲ್ ದ ರೆಲಸಾಂವ್' ಸುಮಾರು ಎರಡು ವರ್ಷ ನಡೆಯಿತು. ಅದರ ಜಾಗಕ್ಕೆ ಜುಡಿಷಿಯಲ್ ಕಮಿಷನರ್ ಕೋರ್ಟ್ ಬಂದದ್ದು 1963ರ ಡಿಸೆಂಬರಿನಲ್ಲಿ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆ ಜಾರಿಯಾದದ್ದು 1966ರಲ್ಲಿ. 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಅಂತೂ ಕುಟುಂಬದ ವಿಷಯದಲ್ಲಿ ಇನ್ನೂ ಜೀವಂತ. ಪೋರ್ಚುಗಲ್ಲೇ ಅದನ್ನು 1966ರಲ್ಲಿ ಹೊಸ ಕೋಡ್ ತಂದು ಕೈಬಿಟ್ಟಿತು, ಗೋವಾ ಬಿಡಲಿಲ್ಲ. ಉತ್ತರಾಧಿಕಾರದ ಭಾಗ ಮಾತ್ರ 2012ರ ಗೋವಾ ಕಾಯ್ದೆಯಿಂದ ಬದಲಾಗಿದೆ. ವಾಸ್ಕೋದಲ್ಲಿ ಗೋವಾದವರಿಂದ ಫ್ಲ್ಯಾಟ್ ಕೊಂಡ ನಮ್ಮ ಕನ್ನಡದವರು "ಗಂಡನ ಹೆಸರಲ್ಲಿರೋ ಆಸ್ತಿಗೆ ಹೆಂಡತಿ ಸಹಿ ಯಾಕ್ರೀ ವಕೀಲರೇ?" ಎಂದು ನನ್ನ ಹತ್ತಿರ ಬಂದು ಕೇಳುತ್ತಾರೆ. ದಂಪತಿಗಳ ಆಸ್ತಿ ಇಬ್ಬರಿಗೂ ಸೇರಿದ್ದು ಎನ್ನುವ ಆ ಕೋಡ್ ಉಳಿದದ್ದು 5ನೇ ಕಲಮಿನ ದೆಸೆಯಿಂದ.

ಮಡಗಾಂವ್‌ನ ಕಕ್ಷಿದಾರರೊಬ್ಬರು ತಂದ ಕಾಗದದ ಕಟ್ಟಿನಲ್ಲಿ ಎರಡು ಕ್ರಯಪತ್ರಗಳಿದ್ದವು. ಒಂದು 1961ರ ಮಳೆಗಾಲದ್ದು, ಇನ್ನೊಂದು 1962ರ ಬೇಸಿಗೆಯದು. ನಡುವೆ ಒಂದು ಯುದ್ಧ, ಒಂದು ಸರ್ಕಾರದ ಅಂತ್ಯ. ಎರಡೂ ಪೋರ್ಚುಗೀಸ್ ಭಾಷೆಯಲ್ಲಿವೆ, ಒಂದೇ ನೋಟರಿಯ ಸಹಿ, 'ಡಿ' ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆಯುವ ಒಂದೇ ಕೈಬರಹ. ಬರೆದವನು ಕುರ್ಚಿ ಬಿಟ್ಟೇ ಎದ್ದಿರಲಿಲ್ಲ. ಗೆದ್ದ ಊರಿನಲ್ಲಿ ಕಚೇರಿ ತೆಗೆದವನು ಅವನೇ.

ಹಾಗಾದರೆ ನಿಮ್ಮ ಅಜ್ಜ? ಅವರ ಮಾತೂ ಸುಳ್ಳಲ್ಲ. ಕಂದಾಯದವರಾಗಿ ಅವರು ಇಲ್ಲಿಗೆ ಬಂದು ಮೊದಲು ಕೇಳಿರುವುದು ಪಹಣಿ. ಅಂಥ ದಾಖಲೆ ಗೋವಾದಲ್ಲಿ ಇರಲಿಲ್ಲ. ತೆರಿಗೆಗೆ 'ಮಾತ್ರಿಜ್' ಎಂಬ ಪುಸ್ತಕ, ಹಕ್ಕಿಗೆ ಕೊನ್ಸೆರ್ವತೋರಿಯಾ ಎಂಬ ಆಸ್ತಿ ನೋಂದಣಿ ಕಚೇರಿಯ ಪುಸ್ತಕ, ಅದರಲ್ಲಿ ಆಸ್ತಿಯ ವರ್ಣನೆ: ಪೂರ್ವಕ್ಕೆ ಇಂಥವರ ತೆಂಗಿನ ತೋಟ, ಪಶ್ಚಿಮಕ್ಕೆ ಹಳ್ಳ. ಊರಿನ ಎಷ್ಟೋ ಗದ್ದೆ 'ಕೊಮುನಿದಾದ್' ಎಂಬ ಗ್ರಾಮಸಂಘಗಳ ಕೈಯಲ್ಲಿ, ಅವುಗಳ ಸಂಹಿತೆ 1961ರ ಏಪ್ರಿಲ್‌ನಲ್ಲಿ, ಆಡಳಿತ ಕೊನೆಗೊಳ್ಳುವ ಎಂಟು ತಿಂಗಳ ಮೊದಲಷ್ಟೇ, ಹೊಸದಾಗಿ ಬಂದಿತ್ತು. ಇಂದಿಗೂ ಅದೇ ಸಂಹಿತೆ! ಉಳುವವನ ಹೆಸರು ಯಾವ ಪುಸ್ತಕದಲ್ಲೂ ನಮ್ಮ ಕಡೆಯಂತೆ ಸಾಲಾಗಿ ಸಿಗುತ್ತಿರಲಿಲ್ಲ. ಧಾರವಾಡದ ಕಚೇರಿಯಲ್ಲಿ ಬೆಳೆದವರಿಗೆ ಇದು 'ಆಡಳಿತವೇ ಇಲ್ಲ' ಎಂದು ಕಂಡಿದ್ದರೆ ಆಶ್ಚರ್ಯವಿಲ್ಲ. 1968ರ ಭೂಕಂದಾಯ ಸಂಹಿತೆ, ಅದರ ಮೇಲೆ ನಡೆದ ಸರ್ವೆ, ಹಕ್ಕುದಾಖಲೆ ಇವೆಲ್ಲ ನಿಜವಾಗಿಯೂ ಹೊಸದಾಗಿ ಕಟ್ಟಿದವು. ಅದರಲ್ಲಿ ಮೈಸೂರು, ಮಹಾರಾಷ್ಟ್ರದಿಂದ ಡೆಪ್ಯುಟೇಷನ್ ಮೇಲೆ ಬಂದವರ ಬೆವರಿದೆ.

ಆದರೆ ಆ ಡೆಪ್ಯುಟೇಷನ್ನಿನ ಇನ್ನೊಂದು ಮುಖವನ್ನೂ ಹೇಳಬೇಕು, ನಿಮ್ಮ ನೆರೆಯವರ 'ಕುರ್ಚಿ ಮೇಲೆ ಕೂತರು' ಎಂಬ ಮಾತಿನ ಹಿಂದೆ ಇರುವುದು ಅದು. ಕಾನ್ಸೆಲ್ಯೊಗಳ (ಪೋರ್ಚುಗೀಸ್ ಕಾಲದ ತಾಲೂಕುಗಳ) ಆಡಳಿತಗಾರರು ಹೋಗಿ ಮಾಮಲೇದಾರರು ಬಂದರು. ಕಡತದ ಭಾಷೆ ಪೋರ್ಚುಗೀಸ್‌ನಿಂದ ಇಂಗ್ಲಿಷಿಗೆ ತಿರುಗಿತು. ಇಪ್ಪತ್ತು ವರ್ಷ ಪೋರ್ಚುಗೀಸಿನಲ್ಲಿ ಟಿಪ್ಪಣಿ ಬರೆದ ಕಾರಕೂನ ಒಂದೇ ಬೇಸಿಗೆಯಲ್ಲಿ ತನ್ನ ಕಚೇರಿಯಲ್ಲೇ ಅನಕ್ಷರಸ್ಥನಂತಾದ. ಬಡ್ತಿ ಹೊರಗಿನಿಂದ ಬಂದವರಿಗೆ ಹೋಗುತ್ತಿದೆ ಎಂಬ ಅಸಮಾಧಾನ ಆಗಲೇ ಹುಟ್ಟಿತು. ಕಾನೂನು ಉಳಿಸಿದ ಹುದ್ದೆಯನ್ನು ಭಾಷೆ ಟೊಳ್ಳು ಮಾಡಿತು. ಜಿನೀವಾ ಒಪ್ಪಂದದಲ್ಲಿ ಇದಕ್ಕೆ ವಿಧಿಯಿಲ್ಲ, ಆದರೆ ಗೆದ್ದ ಜಾಗದಲ್ಲಿ ಕೆಲಸಕ್ಕೆ ಹೋಗುವ ಯಾವುದೇ ಅಧಿಕಾರಿಗೆ ನಾನು ಮೊದಲು ಹೇಳುವ ಮಾತು ಇದೇ: ಅನುವಾದಕರನ್ನು ಕರೆದುಕೊಂಡು ಹೋಗಿ, ಮೇಲಧಿಕಾರಿಗಳನ್ನು ಆಮೇಲೆ ಕಳಿಸಿ.

ಅನುವಾದಕರಿಗೂ ಒಂದು ಎಚ್ಚರಿಕೆ ಬೇಕು. ಸಿಸಿಲಿಯಲ್ಲಿ ಮಿತ್ರಪಡೆಯ ಅಧಿಕಾರಿಗಳು "ಈ ಊರಲ್ಲಿ ಯಾರ ಮಾತು ನಡೆಯುತ್ತದೆ?" ಎಂದು ಕೇಳಿ, ಸಿಕ್ಕ ಉತ್ತರದಂತೆ ಮೇಯರ್‌ಗಳನ್ನು ನೇಮಿಸಿದರು. ವಿಲ್ಲಾಲ್ಬಾದಲ್ಲಿ ಆ ಹುದ್ದೆ ಮಾಫಿಯಾದ ಮುಖಂಡ ಕಲೋಜೆರೊ ವಿಜ್ಜಿನಿಗೆ ಸಿಕ್ಕಿತು.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಗೋವಾ ಆಕ್ರಮಿತ ಪ್ರದೇಶವಾಗಿತ್ತೇ? ಪೋರ್ಚುಗಲ್ ಹೌದೆಂದಿತು, 1974ರ ಡಿಸೆಂಬರ್ 31ರ ಒಪ್ಪಂದದವರೆಗೂ ಭಾರತದ ಸಾರ್ವಭೌಮತ್ವವನ್ನು ಒಪ್ಪಲಿಲ್ಲ. 1961ರ ಡಿಸೆಂಬರ್ 18ರಂದು ಭದ್ರತಾ ಮಂಡಳಿಯಲ್ಲಿ ಭಾರತದ ವಿರುದ್ಧದ ಕರಡು ನಿರ್ಣಯಕ್ಕೆ ಏಳು ಮತ ಬಿದ್ದವು. ಸೋವಿಯತ್ ವೀಟೊದಿಂದ ಅದು ಸತ್ತಿತು. ಭಾರತದೊಳಗೆ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಕೊಂಡೊಯ್ದದ್ದು ಗೋವಾದ ಒಬ್ಬ ಪಾದ್ರಿ, ಮೊಂತೇರೊ. 1962ರ ಮಾರ್ಚ್ 28ರ ಪೌರತ್ವ ಆದೇಶದಂತೆ, ಇಲ್ಲಿ ಹುಟ್ಟಿದವರೂ ಇಲ್ಲಿ ಹುಟ್ಟಿದ ತಂದೆತಾಯಿ, ಅಜ್ಜಅಜ್ಜಿಯರಿದ್ದವರೂ 1961ರ ಡಿಸೆಂಬರ್ 20ರಿಂದ ಭಾರತದ ಪೌರರು. ಬೇಡವೆಂದರೆ ಒಂದು ತಿಂಗಳೊಳಗೆ ಬರೆದುಕೊಡಬೇಕು. ಪಾದ್ರಿಗಳು ಬರೆದುಕೊಟ್ಟು ಪೋರ್ಚುಗೀಸ್ ಪ್ರಜೆಯಾಗಿಯೇ ಉಳಿದರು. ವಾಸದ ಪರವಾನಗಿ 1964ರಲ್ಲಿ ಮುಗಿದರೂ ಹೊರಡಲಿಲ್ಲ. ವಿದೇಶಿಯರ ಕಾಯ್ದೆಯಡಿ ಮೊಕದ್ದಮೆ ಬಿದ್ದಾಗ ಅವರ ವಾದ ಇದು: ಗೋವಾ ಆಕ್ರಮಿತ ಪ್ರದೇಶ, ನಾನು ಜಿನೀವಾ ಒಪ್ಪಂದದ ರಕ್ಷಣೆಯಲ್ಲಿರುವವನು, ನನ್ನನ್ನು ಗಡೀಪಾರು ಮಾಡುವಂತಿಲ್ಲ.

1969ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಒಪ್ಪಲಿಲ್ಲ. ಯುದ್ಧ ಇನ್ನೂ ನಡೆಯುತ್ತಿರುವಾಗ 'ಇದು ನಮ್ಮದೇ' ಎಂದು ಘೋಷಿಸಿ ಜನರ ರಕ್ಷಣೆ ಕಿತ್ತುಕೊಳ್ಳುವುದು ಬೇರೆ. ಪ್ರತಿರೋಧ ಪೂರ್ತಿ ಮುಗಿದ ಮೇಲೆ ಸೇರಿಸಿಕೊಳ್ಳುವುದು ಬೇರೆ. ಗೋವಾದಲ್ಲಿ ಎರಡನೆಯದಾಗಿದೆ, ಆಕ್ರಮಣಕ್ಕೂ ವಿಲೀನಕ್ಕೂ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ ಎಂದಿತು ಪೀಠ. ಸಂವಿಧಾನದ ಹನ್ನೆರಡನೇ ತಿದ್ದುಪಡಿಯೂ ಗೋವಾವನ್ನು 1961ರ ಡಿಸೆಂಬರ್ 20ರಿಂದಲೇ ಕೇಂದ್ರಾಡಳಿತ ಪ್ರದೇಶವೆಂದು ಹಿಂದಿನ ದಿನಾಂಕದಿಂದ ಬರೆಯಿತು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಪೌರತ್ವಕ್ಕೆ ಕೊಟ್ಟ ಒಂದು ತಿಂಗಳು ಮಾತ್ರ ಕಡಿಮೆಯಾಯಿತು. ದಶಕಗಳ ಕಾಲ ಸೆನ್ಸಾರ್ ಆದ ಪತ್ರಿಕೆ ಓದಿದ ಜನರಿಗೆ ತಮ್ಮ ದೇಶ ಯಾವುದೆಂದು ಮೂವತ್ತು ದಿನದಲ್ಲಿ ಬರೆದುಕೊಡಿ ಎನ್ನುವುದು ಅವಸರ.

ಸೇನೆ ಕಾಲಿಡದೆ ಆಡಳಿತ ನಡೆಸಿದ ಉದಾಹರಣೆಯೂ ಪಕ್ಕದಲ್ಲೇ ಇದೆ. ದಾದ್ರಾ ಮತ್ತು ನಗರ ಹವೇಲಿಯನ್ನು 1954ರಲ್ಲಿ ಸ್ವಯಂಸೇವಕರು ಬಿಡಿಸಿಕೊಂಡ ಮೇಲೆ ಏಳು ವರ್ಷ ಅದು ಯಾವ ದೇಶದ್ದೂ ಅಲ್ಲದಂತೆ 'ವರಿಷ್ಠ ಪಂಚಾಯತ್' ಎಂಬ ಸ್ಥಳೀಯ ಆಡಳಿತ ಮಂಡಳಿಯ ಕೈಯಲ್ಲಿತ್ತು. 1961ರ ಆಗಸ್ಟ್ 11ರಂದು ವಿಲೀನದ ಕಾಗದಕ್ಕೆ ಸಹಿ ಹಾಕಲು ಒಬ್ಬ ಪ್ರಧಾನಿ ಬೇಕಾಯಿತು. ಐಎಎಸ್ ಅಧಿಕಾರಿ ಕೆ.ಜಿ. ಬದ್ಲಾನಿ ಒಂದು ದಿನದ ಮಟ್ಟಿಗೆ ಪ್ರಧಾನಿಯಾಗಿ ನೆಹರೂ ಅವರೊಂದಿಗೆ ಸಹಿ ಹಾಕಿದರು.

ಗೋವಾದಲ್ಲಿ ಮತ್ತೊಂದು ಒಳ್ಳೆಯದಾಯಿತು: ದೊಡ್ಡ ಬದಲಾವಣೆಗಳನ್ನು ಸೇನಾ ಗವರ್ನರ್ ಮಾಡಲಿಲ್ಲ. 1962ರಲ್ಲಿ ಪಂಚಾಯತ್ ಚುನಾವಣೆ, 1963ರ ಡಿಸೆಂಬರ್ 9ರಂದು ವಿಧಾನಸಭೆಗೆ ಮತದಾನ, ಅದೇ 20ರಂದು ದಯಾನಂದ ಬಾಂದೋಡ್ಕರ್ ಮುಖ್ಯಮಂತ್ರಿ. ಗೇಣಿದಾರರಿಗೆ ಹಕ್ಕು ಕೊಟ್ಟ 1964ರ ಕಾಯ್ದೆ ಬಂದದ್ದು ಆ ಸಭೆಯಿಂದ. ಉಳುವವನಿಗೆ ಭೂಮಿ ಕೊಡುವ ಕೆಲಸವನ್ನು ಸಮವಸ್ತ್ರದವರು ಆದೇಶದಿಂದ ಮಾಡಿದ್ದರೆ, ಅದು ಎಷ್ಟೇ ನ್ಯಾಯವಾಗಿದ್ದರೂ, ಭಾಟಕಾರರು (ಭೂಮಾಲೀಕರು) ಕೋರ್ಟಿನಲ್ಲಿ ಅದನ್ನು 'ಆಕ್ರಮಣಕಾರರ ಕಾನೂನು' ಎನ್ನುತ್ತಿದ್ದರು. ಮಹಾರಾಷ್ಟ್ರಕ್ಕೆ ಸೇರಬೇಕೇ ಎಂಬ ಪ್ರಶ್ನೆಯನ್ನೂ 1967ರ ಜನವರಿ 16ರಂದು ಜನರ ಮುಂದೆಯೇ ಇಟ್ಟರು. 34,021 ಮತಗಳ ಅಂತರದಲ್ಲಿ ಬೇಡವೆಂದರು.

ಅಜ್ಜನವರ ಡೆಪ್ಯುಟೇಷನ್ ಆದೇಶ ಮನೆಯಲ್ಲಿದ್ದರೆ ಅದರ ದಿನಾಂಕ ನೋಡಿ. ಜೂನ್ 1962ಕ್ಕೆ ಮೊದಲಿನದಾದರೆ ಅವರು ಕೆಲಸ ಮಾಡಿದ್ದು ಸೇನಾ ಗವರ್ನರ್ ಕೆಳಗೆ, ಆಮೇಲಿನದಾದರೆ ಲೆಫ್ಟಿನೆಂಟ್ ಗವರ್ನರ್ ಕೆಳಗೆ. ಯಾವ ತಾಲೂಕಿನ ಮಾಮಲೇದಾರ ಕಚೇರಿಗೆ ಹಾಕಿದ್ದರು ಎಂಬುದೂ ಅದರಲ್ಲಿರಬೇಕು. ಆ ಎರಡು ಗೊತ್ತಾದರೆ ಪಣಜಿಯ ಪತ್ರಾಗಾರದಲ್ಲಿ ಆ ವರ್ಷದ ಸರ್ಕಾರಿ ಗೆಜೆಟ್ ಕೇಳಿ. ಪೋರ್ಚುಗೀಸ್ ಓದಲು ಬರುವವರೊಬ್ಬರನ್ನು ಜೊತೆಗೆ ಕರೆದೊಯ್ದರೆ ಒಳ್ಳೆಯದು. ನೆರೆಯ ಹಿರಿಯರಿಗೆ ಬರುತ್ತಿದ್ದರೆ ಅವರನ್ನೇ ಕರೆಯಿರಿ.